ಗುಂಡ್ಯಾನ ಬೆನ್ನು, ನಮ್ಮ ಮನೆಯ ನೆಲ

ಈಗ ಹೊಸ ಮನೆ ಕಟ್ಟಿಸುವವರೆಲ್ಲ ಮುಖ ಕಾಣುವಷ್ಟು ಹೊಳೆಯುವ ಟೈಲ್ಸ್ ಹಾಕಿಸುತ್ತಾರೆ. ನೋಡೋಕೆ ಚೆಂದ, ಒರೆಸೋಕೆ ಸುಲಭ. ಆದರೆ ಗಿಡ್ಡ ಕಾಲಿನ ನಾಯಿ ಇರುವ ಮನೆಗೆ ಅದಕ್ಕಿಂತ ಕೆಟ್ಟ ನೆಲ ಇಲ್ಲ. ನಿಮ್ಮದು ಧಾರವಾಡದ ಹಳೆ ಮನೆಯಾಗಿ, ಪಡಸಾಲೆಯಲ್ಲಿ ಇನ್ನೂ ಒರಟು ಶಹಾಬಾದ್ ಫರಸಿ ಉಳಿದಿದ್ದರೆ ದಯವಿಟ್ಟು ಅದನ್ನು ಕೀಳಿಸಬೇಡಿ. ಹಳೆಯದರ ಮೇಲಿನ ಮೋಹದಿಂದ ಹೇಳುತ್ತಿಲ್ಲ. ನಾಯಿಯ ಬೆನ್ನಿಗಾಗಿ ಹೇಳುತ್ತಿದ್ದೇನೆ.

ಮಾಳಮಡ್ಡಿಯ ನಮ್ಮ ಮನೆಯಲ್ಲಿ ಗುಂಡ್ಯಾ ಅಂತ ಒಂದು ಡ್ಯಾಶ್‌ಹಂಡ್ ಇದೆ. ಕಂದು ಬಣ್ಣ, ನೆಲಕ್ಕೆ ತಾಗುವ ಕಿವಿ, ಉದ್ದ ಮೈ, ಇದ್ದೂ ಇಲ್ಲದಂಥ ಕಾಲು. ಬೆಳಿಗ್ಗೆ ಅವನನ್ನು ಕರೆದುಕೊಂಡು ಹೊರಟರೆ ಮಾತಾಡಿಸದೆ ಹೋಗುವವರು ಕಡಿಮೆ. "ಅಕ್ಕಾರ, ಇದಕ್ಕ ಕಾಲು ಹಚ್ಚೂದು ಮರತಾರೇನ್ರೀ?" ಅನ್ನೋದು ಒಬ್ಬರ ಮಾತು. "ಎಲ್ಲಾ ಬಿಟ್ಟು ಇದನ್ಯಾಕ ತಂದ್ರೀ, ಮುಧೋಳ ನಾಯಿ ಸಿಗಲಿಲ್ಲೇನು?" ಅನ್ನೋದು ಇನ್ನೊಬ್ಬರದು. ಆ ಎರಡನೆಯವರ ಮಾತಲ್ಲಿ ತಥ್ಯ ಇದೆ. ಬಾಗಲಕೋಟೆ ಜಿಲ್ಲೆಯ ಮುಧೋಳದ ಬೇಟೆನಾಯಿ ನಮ್ಮ ಕಡೆಯದು, ಉದ್ದ ಕಾಲಿನದು. 2005ರಲ್ಲಿ ಅಂಚೆ ಚೀಟಿಯ ಮೇಲೂ ಬಂತು. ಬಯಲಲ್ಲಿ ಮೊಲ ಅಟ್ಟಿಸಿಕೊಂಡು ಓಡುವ ಮೈ ಅದರದು. ಡ್ಯಾಶ್‌ಹಂಡ್ ಅನ್ನು ಜರ್ಮನಿಯ ಬೇಟೆಗಾರರು ಬೆಳೆಸಿದ್ದು ಬೇರೆ ಕೆಲಸಕ್ಕೆ. ನೆಲದೊಳಗಿನ ಬಿಲಕ್ಕೆ ನುಗ್ಗಿ ಬ್ಯಾಡ್ಜರ್ ಎಂಬ ಪ್ರಾಣಿಯನ್ನು ಎದುರಿಸಬೇಕು ಅದು. ಬಿಲಕ್ಕೆ ಗಿಡ್ಡ ಕಾಲು ಬೇಕು. ಆ ಗಿಡ್ಡ ಕಾಲಿನ ಜೊತೆಗೇ ಬೆನ್ನಿನ ತೊಂದರೆಯೂ ಬಂತು. ಗುಂಡ್ಯಾಗೆ ಬ್ಯಾಡ್ಜರ್ ಎಲ್ಲಿ ಸಿಗಬೇಕು? ಹಿತ್ತಲಿನ ಹೆಗ್ಗಣದ ಬಿಲ ಕೆದರೋದರಲ್ಲೇ ಅವನಿಗೆ ತೃಪ್ತಿ.

ಬೆನ್ನುಮೂಳೆಯ ಎರಡು ಮಣಿಗಳ ನಡುವೆ ಒಂದೊಂದು ಡಿಸ್ಕ್ ಇರುತ್ತದೆ. ಹೋಳಿಗೆ ನೆನಪಿಸಿಕೊಳ್ಳಿ. ಹೊರಗೆ ಗಟ್ಟಿ ಕಣಕ, ಒಳಗೆ ಮೆತ್ತನೆ ಹೂರಣ. ಹೂರಣ ಹದವಾಗಿದ್ದರೆ ಹೋಳಿಗೆ ಎಷ್ಟು ಒತ್ತಿದರೂ ಬಾಗುತ್ತದೆ, ಹರಿಯುವುದಿಲ್ಲ. ಹೂರಣ ಒಣಗಿ ಪುಡಿಪುಡಿಯಾಗಿದ್ದರೆ? ಲಟ್ಟಣಿಗೆ ಇಟ್ಟ ಕೂಡಲೇ ಒಂದು ಕಡೆಯಿಂದ ಒಡೆದು ಹೊರಗೆ ಬರುತ್ತದೆ. ಬೇರೆ ನಾಯಿಗಳಲ್ಲಿ ಡಿಸ್ಕಿನ ಒಳಭಾಗ ಒಣಗುವುದು ವಯಸ್ಸಾದ ಮೇಲೆ. ಡ್ಯಾಶ್‌ಹಂಡ್‌ನಂಥ ನಾಯಿಗಳಲ್ಲಿ ಮೊದಲ ವರ್ಷದಲ್ಲೇ ಶುರುವಾಗುತ್ತದೆ. ಅದರೊಳಗೆ ಸುಣ್ಣದ ಅಂಶ ಕೂಡಿ ಗಟ್ಟಿಯಾಗುತ್ತದೆ. ಆಮೇಲೆ ಒಂದು ದಿನ ಒಂದು ಕಡೆ ಒಡೆದು ಮೇಲಕ್ಕೆ ಚಿಮ್ಮಿದರೆ, ಮೇಲಿರುವುದು ಬೆನ್ನುಹುರಿ. ಹಿಂಗಾಲಿಗೆ ಹೋಗುವ ಸುದ್ದಿಯೆಲ್ಲ ಅದರೊಳಗಿಂದಲೇ ಹೋಗಬೇಕು.

ಇದಕ್ಕೆ ಕಾರಣ ರಕ್ತದಲ್ಲಿದೆ. ಎಫ್‌ಜಿಎಫ್4 ಎಂಬ ಜೀನ್‌ನ ಒಂದು ಹೆಚ್ಚುವರಿ ಪ್ರತಿ ನಾಯಿಯ ಕಾಲನ್ನು ಗಿಡ್ಡ ಮಾಡುತ್ತದೆ ಅಂತ ಅಮೆರಿಕದ ವಿಜ್ಞಾನಿಗಳು 2009ರಲ್ಲಿ ಕಂಡುಹಿಡಿದರು. 2017ರಲ್ಲಿ ಅದೇ ಜೀನ್‌ನ ಇನ್ನೊಂದು ಹೆಚ್ಚುವರಿ ಪ್ರತಿ ಬೇರೆ ಕ್ರೋಮೋಸೋಮ್‌ನಲ್ಲಿ ಸಿಕ್ಕಿತು. ಡಿಸ್ಕ್ ಬೇಗ ಒಣಗುವುದಕ್ಕೆ ಇದರ ನಂಟು. ಡ್ಯಾಶ್‌ಹಂಡ್‌ಗಳಲ್ಲಿ ಹೆಚ್ಚುಕಡಿಮೆ ಎಲ್ಲದರಲ್ಲೂ ಇದು ಇರುತ್ತದೆ. ಬೀಗಲ್, ಬ್ಯಾಸೆಟ್ ಹೌಂಡ್, ಪೆಕಿಂಗೀಸ್, ಕಾಕರ್ ಸ್ಪ್ಯಾನಿಯಲ್, ಫ್ರೆಂಚ್ ಬುಲ್‌ಡಾಗ್ ಇವುಗಳಲ್ಲೂ ಕಾಣುತ್ತದೆ. ಹುಬ್ಬಳ್ಳಿ ಕಡೆ ಈಗ ಬೀಗಲ್ ಸಾಕುವವರು ಜಾಸ್ತಿ. ತಮ್ಮ ನಾಯಿಯ ಕಾಲು ಅಷ್ಟೇನೂ ಗಿಡ್ಡ ಅಲ್ಲ, ಹಾಗಾಗಿ ಇದು ತಮಗೆ ಸಂಬಂಧಿಸಿದ್ದಲ್ಲ ಅಂದುಕೊಂಡಿರುತ್ತಾರೆ. ಸಂಬಂಧ ಇದೆ.

ಅಂದರೆ ಮರಿ ನಮ್ಮ ಮನೆಗೆ ಬರುವ ಮೊದಲೇ ಡಿಸ್ಕಿನ ಹಣೆಬರಹ ಅರ್ಧ ಬರೆದಾಗಿರುತ್ತದೆ. ಯಾವ ಪುಡಿ, ಯಾವ ಟಾನಿಕ್ ಹಾಕಿದರೂ ಒಣಗಿದ್ದು ಮತ್ತೆ ಹಸಿಯಾಗುವುದಿಲ್ಲ. ಕ್ಯಾಲ್ಸಿಯಂ ಹಾಕಿದರೆ ಬೆನ್ನು ಗಟ್ಟಿಯಾಗುತ್ತದೆ ಅಂತ ಬಾಟಲಿಗಟ್ಟಲೆ ಕುಡಿಸುವವರಿದ್ದಾರೆ. ತೊಂದರೆ ಇರುವುದು ಎಲುಬಲ್ಲಿ ಅಲ್ವಲ್ಲ, ಅದರ ನಡುವಿನ ಡಿಸ್ಕಲ್ಲಿ. ಹಾಗಾದರೆ ನಮ್ಮ ಕೈಯಲ್ಲಿ ಉಳಿದದ್ದೇನು? ಆ ಡಿಸ್ಕಿನ ಮೇಲೆ ಬೀಳುವ ಭಾರ, ಅದಕ್ಕೆ ತಗಲುವ ಪೆಟ್ಟು, ಅದನ್ನು ಹಿಡಿದುಕೊಂಡ ಸ್ನಾಯುಗಳ ಬಲ.

ನನ್ನ ನಾದಿನಿಯ ಮನೆ ಹುಬ್ಬಳ್ಳಿಯ ವಿದ್ಯಾನಗರದಲ್ಲಿ. ಅವರ ರಾಣಿಯೂ ಡ್ಯಾಶ್‌ಹಂಡೇ. ಐದು ವರ್ಷ ಆಗಿತ್ತು. ಈ ತೊಂದರೆ ಜಾಸ್ತಿ ಕಾಣುವುದು ಮೂರರಿಂದ ಏಳು ವರ್ಷದ ಒಳಗೆ. ಒಂದು ಸಂಜೆ ಅದು ಸೋಫಾ ಹತ್ತಲು ಹೋಗಿ ನಿಂತುಬಿಟ್ಟಿತು. ಮುಂಗಾಲು ಸೋಫಾದ ಮೇಲಿದೆ, ಹಿಂಗಾಲು ಏಳುತ್ತಿಲ್ಲ. ಎತ್ತಿಕೊಳ್ಳಲು ಹೋದರೆ ಕುಂಯ್ ಅಂದಿತು. ಬೆನ್ನು ಗೂನಾಗಿತ್ತು, ಮೈ ಸಣ್ಣಗೆ ನಡುಗುತ್ತಿತ್ತು. ಪಕ್ಕದ ಮನೆಯವರು ಬಂದು "ಹೊಟ್ಯಾಗ ಗ್ಯಾಸ್ ಆಗಿರ್ತದ ಬಿಡ್ರೀ, ಎಣ್ಣಿ ಕಾಸಿ ತಿಕ್ಕ್ರಿ" ಅಂದರು. ನಾದಿನಿ ತಿಕ್ಕಲಿಲ್ಲ, ಪುಣ್ಯ. ಬೆಳಗಾಗುವಷ್ಟರಲ್ಲಿ ರಾಣಿ ಹಿಂದಿನ ಪಂಜವನ್ನು ಮಡಚಿ, ಅದರ ಬೆನ್ನನ್ನೇ ನೆಲಕ್ಕೆ ಊರಿ ಎಳೆದುಕೊಂಡು ನಡೆಯುತ್ತಿತ್ತು. ಉಗುರಿನ ತುದಿ ಸವೆದು ರಕ್ತ ಬಂದಿತ್ತು.

ಡಾಕ್ಟರ ಹತ್ತಿರ ನಾನೂ ಹೋಗಿದ್ದೆ. ಅವರು ರಾಣಿಯ ಹಿಂಗಾಲಿನ ಬೆರಳನ್ನು ಇಕ್ಕಳದಿಂದ ಗಟ್ಟಿಯಾಗಿ ಚಿವುಟಿದರು. ಕಾಲು ಹಿಂದಕ್ಕೆ ಹೋಯಿತು. ನಾವಿಬ್ಬರೂ "ಹಾಂ, ಎಳಕೊಂಡ್ತು!" ಅಂತ ಖುಷಿಪಟ್ಟೆವು. ಡಾಕ್ಟರು ಕಾಲು ನೋಡುತ್ತಲೇ ಇರಲಿಲ್ಲ. ಮುಖ ನೋಡುತ್ತಿದ್ದರು. ಕಾಲು ಎಳೆದುಕೊಳ್ಳುವ ಕೆಲಸವನ್ನು ಬೆನ್ನುಹುರಿಯ ಕೆಳಭಾಗ ತಾನೇ ಮಾಡಬಲ್ಲದು, ಮಿದುಳಿಗೆ ಸುದ್ದಿ ಮುಟ್ಟಬೇಕೆಂದಿಲ್ಲ. ನಾಯಿ ತಿರುಗಿ ನೋಡಬೇಕು, ಇಲ್ಲವೇ ಕೂಗಬೇಕು, ಕಚ್ಚಲು ಬರಬೇಕು. ಆಗ ಮಾತ್ರ ನೋವು ಮೇಲೆ ತಲುಪಿದೆ ಅಂತ ಅರ್ಥ. ರಾಣಿ ಎರಡನೇ ಸಲಕ್ಕೆ ತಿರುಗಿ ಡಾಕ್ಟರ ಕೈಗೇ ಬಾಯಿ ಹಾಕಿತು. ಅವರು ನಕ್ಕರು. ನಾಯಿ ಕಚ್ಚಲು ಬಂದದ್ದಕ್ಕೆ ನಕ್ಕವರನ್ನು ನಾನು ನೋಡಿದ್ದು ಅದೇ ಮೊದಲು.

ಆ ನೋವು ಉಳಿದಿದೆಯೋ ಇಲ್ಲವೋ ಎಂಬುದರ ಮೇಲೆ ಎಷ್ಟೊಂದು ನಿಂತಿದೆ. ಕಾಲು ಪೂರ್ತಿ ಬಿದ್ದುಹೋದರೂ ನೋವು ತಿಳಿಯುತ್ತಿದ್ದರೆ, ಶಸ್ತ್ರಚಿಕಿತ್ಸೆ ಆದ ನಾಯಿಗಳಲ್ಲಿ ನೂರಕ್ಕೆ ಸುಮಾರು 90 ಮತ್ತೆ ನಡೆಯುತ್ತವೆ. ನೋವೂ ಹೋಗಿದ್ದರೆ ಅದು ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯುತ್ತದೆ. ಅಂಥ ಹೊತ್ತಲ್ಲಿ ಒಂದೊಂದು ತಾಸೂ ಬೆಲೆಬಾಳುವುದು. ಸಾದಾ ಎಕ್ಸ್‌ರೇಯಲ್ಲಿ ಎಲುಬು ಕಾಣುತ್ತದೆ, ಬೆನ್ನುಹುರಿ ಕಾಣುವುದಿಲ್ಲ. ಅದಕ್ಕೆ ಎಂಆರ್‌ಐ ಅಥವಾ ಸಿಟಿ ಸ್ಕ್ಯಾನ್ ಬೇಕು, ಬೆನ್ನುಹುರಿಯ ಆಪರೇಷನ್ ಮಾಡಿ ಪಳಗಿದ ಕೈ ಬೇಕು. ನಮ್ಮ ಕಡೆಯವರು ಅಂಥದ್ದಕ್ಕೆ ಬೆಂಗಳೂರು ದಾರಿ ಹಿಡಿಯುತ್ತಾರೆ. ಹುಬ್ಬಳ್ಳಿಯಿಂದ ಅದು 400 ಕಿಲೋಮೀಟರ್‌ಗೂ ಜಾಸ್ತಿ. ನೋವಲ್ಲಿರುವ ನಾಯಿಯನ್ನು ಕಾರಲ್ಲಿ ಮಲಗಿಸಿಕೊಂಡು, ಹಾವೇರಿ, ದಾವಣಗೆರೆ ದಾಟಿ, ರಾತ್ರಿಯೆಲ್ಲ. ಖರ್ಚಿನ ಮಾತು ಬೇರೆ. ದೊಡ್ಡ ನಗರದಲ್ಲಿ ಇರುವವರಿಗಿಂತ ನಮಗೆ ಈ ತೊಂದರೆ ಬಾರದಂತೆ ನೋಡಿಕೊಳ್ಳುವ ಗರಜು ಜಾಸ್ತಿ ಅನ್ನೋದು ಅದಕ್ಕೇ.

ಮೊದಲನೆಯದು ತೂಕ. ಬಾಕಿ ಎಲ್ಲ ಆಮೇಲೆ. 2013ರಲ್ಲಿ ಬ್ರಿಟನ್ನಿನ ಸಂಶೋಧಕರು ನಾಯಿಗಳ ಮೈ ಅಳತೆ ತೆಗೆದು ನೋಡಿದಾಗ, ಎತ್ತರಕ್ಕೆ ಹೋಲಿಸಿದರೆ ಬೆನ್ನು ಉದ್ದವಾದಷ್ಟೂ ಅಪಾಯ ಜಾಸ್ತಿ, ಕೊಬ್ಬಿದ ನಾಯಿಗಳಿಗೆ ಇನ್ನೂ ಜಾಸ್ತಿ ಅಂತ ಕಂಡಿತು. ಬೆನ್ನಿನ ಉದ್ದ ನಾವು ಬದಲಿಸಲಾರೆವು. ಕೊಬ್ಬು ನಮ್ಮ ಅಡುಗೆಮನೆಯಿಂದಲೇ ಹೋಗಿದ್ದು.

ನಮ್ಮ ಮನೆಯಲ್ಲಿ ಈ ಜಗಳ ನಮ್ಮ ಅತ್ತೆಯ ಜೊತೆ. ಊಟಕ್ಕೆ ಕೂತರೆ ಗುಂಡ್ಯಾ ಅವರ ಎಡಗಡೆಗೇ ಕೂರುತ್ತಾನೆ, ಬೇರೆಲ್ಲೂ ಕೂರಲ್ಲ. ರೊಟ್ಟಿಯ ಅಂಚು, ಮೊಸರನ್ನದ ತುತ್ತು, ಯಾರಾದರೂ ಪೇಡೆ ತಂದಿದ್ದರೆ ಅದರ ಒಂದು ತುಂಡು. ನಾನು ನೋಡಿದರೆ, "ಪಾಪ, ಬಾಯಿ ನೋಡ್ತದವಾ. ಒಂದು ತುತ್ತು ಹಾಕಿದ್ರ ಏನಾಗ್ತದ?" ಅನ್ನುತ್ತಾರೆ. ಲೆಕ್ಕ ಹಾಕಿ ನೋಡಿ. 60 ಕಿಲೋ ಇರುವವರಿಗೆ ಒಂದು ಪೇಡೆ ಏನೂ ಅಲ್ಲ. 9 ಕಿಲೋ ಗುಂಡ್ಯಾಗೆ ಅದು ಆರೇಳು ಪೇಡೆ ತಿಂದ ಲೆಕ್ಕ. ಅವನ ಮೈಮೇಲೆ ಒಂದು ಕಿಲೋ ಏರಿದರೆ ನಮಗೆ ಆರೂವರೆ ಕಿಲೋಗೂ ಜಾಸ್ತಿ ಏರಿದ ಹಾಗೆ. ಆದರೆ ಲೆಕ್ಕ ಹೇಳಿ ಅತ್ತೆಯವರನ್ನು ಯಾರು ಗೆದ್ದಿದ್ದಾರೆ? ಅವರಿಗೆ ಬೇಕಾದ್ದು ಕೈಯಾರೆ ಉಣಿಸುವ ಸುಖ. ಅದನ್ನು ಕಸಿಯೋದು ಸರಿಯೂ ಅಲ್ಲ. ಈಗ ನಾವು ಮಾಡಿರುವುದು ಇಷ್ಟು. ಗುಂಡ್ಯಾನ ದಿನದ ಆಹಾರವನ್ನು ಬೆಳಿಗ್ಗೆಯೇ ತೂಗಿ, ಅದರಲ್ಲೇ ಒಂದು ಪಾಲು ತೆಗೆದು ಒಂದು ಸ್ಟೀಲ್ ಡಬ್ಬಿಗೆ ಹಾಕಿ ಅತ್ತೆಯ ಕೈಗೆ ಕೊಡುತ್ತೇವೆ. ದಿನವಿಡೀ ಎಷ್ಟು ಸಲ ಬೇಕಾದರೂ ಉಣಿಸಲಿ, ಡಬ್ಬಿ ಖಾಲಿಯಾದರೆ ಮುಗೀತು. ಮೇಲೆ ಸವತೆಕಾಯಿ, ಗಜ್ಜರಿ ಚೂರು ಎಷ್ಟಾದರೂ ಆಗಲಿ. ಉಳ್ಳಾಗಡ್ಡಿ, ಬಳ್ಳೊಳ್ಳಿ, ದ್ರಾಕ್ಷಿ ನಾಯಿಗೆ ವಿಷ, ಅದಕ್ಕೆ ಉಳ್ಳಾಗಡ್ಡಿ ಹಾಕಿದ ಗಿರ್ಮಿಟ್ಟು ತಿನ್ನುವಾಗ ಗುಂಡ್ಯಾ ಹೊರಗೆ.

ತೂಕ ನೋಡೋಕೆ ದವಾಖಾನೆಗೇ ಹೋಗಬೇಕಿಲ್ಲ. ಅವನನ್ನು ಎತ್ತಿಕೊಂಡು ಮನೆಯ ತಕ್ಕಡಿ ಮೇಲೆ ನಿಲ್ಲೋದು, ಆಮೇಲೆ ನಾನೊಬ್ಬಳೇ ನಿಲ್ಲೋದು, ಕಳೆಯೋದು. (ಇದರಲ್ಲಿ ನನ್ನ ತೂಕವೂ ಗೊತ್ತಾಗುತ್ತದೆ, ಅದೊಂದು ಕಿರಿಕಿರಿ.) ಅಂಕಿಗಿಂತ ಕೈ ನಂಬಿಕೆಯದು. ಎದೆಯ ಪಕ್ಕ ಬೆರಳಾಡಿಸಿದರೆ ಪಕ್ಕೆಲುಬು ಸಲೀಸಾಗಿ ಕೈಗೆ ಸಿಗಬೇಕು, ಕಣ್ಣಿಗೆ ಎದ್ದು ಕಾಣಬಾರದು. ಮೇಲಿನಿಂದ ನೋಡಿದರೆ ನಡು ಸಣ್ಣದಾಗಿ ಕಾಣಬೇಕು. ಅಂಥ ಗುಂಡ್ಯಾನನ್ನು ನೋಡಿ ಓಣಿಯವರು "ನಾಯಿ ಸೊರಗೇದ, ಉಣ್ಣಾಕ ಹಾಕ್ರೀ" ಅಂತಾರೆ. ನಮ್ಮಲ್ಲಿ ಕೊಬ್ಬಿದ ನಾಯಿಗೇ ಮರ್ಯಾದೆ.

ಎರಡನೆಯದು ನೆಲ. ಹೊಳೆಯುವ ಟೈಲ್ಸ್ ಮೇಲೆ ನಾಯಿ ತಿರುಗುವಾಗ ಹಿಂಗಾಲು ಜಾರಿ ಸೊಂಟ ಒಂದು ಕಡೆಗೆ, ಎದೆ ಒಂದು ಕಡೆಗೆ ತಿರುಚುತ್ತದೆ. ಆ ತಿರುಚು ಬೀಳುವ ಜಾಗವೇ ಕೆಟ್ಟದ್ದು. ನಾಯಿಗೆ 13 ಜೊತೆ ಪಕ್ಕೆಲುಬು. ಮುಂದಿನ ಬಹುಪಾಲು ಪಕ್ಕೆಲುಬುಗಳ ತಲೆಯನ್ನು ಡಿಸ್ಕಿನ ಮೇಲಿಂದ ಕಟ್ಟಿದ ಒಂದು ಗಟ್ಟಿ ಪಟ್ಟಿ ಇದೆ, ಅದು ಆ ಡಿಸ್ಕುಗಳನ್ನು ಕಾಯುತ್ತದೆ. ಹನ್ನೊಂದನೇ ಪಕ್ಕೆಲುಬಿನಿಂದ ಹಿಂದಕ್ಕೆ ಆ ಕಾವಲು ಇಲ್ಲ. ಬಿಗಿಯಾದ ಎದೆಗೂಡು ಮುಗಿದು ಬಾಗುವ ಸೊಂಟ ಶುರುವಾಗುವುದೂ ಅಲ್ಲೇ. ಅದಕ್ಕೇ ಹೆಚ್ಚಿನ ಡಿಸ್ಕುಗಳು ಒಡೆಯುವುದು ಕೊನೆಯ ಪಕ್ಕೆಲುಬುಗಳ ಸುತ್ತಮುತ್ತ.

ನಮ್ಮ ಮನೆಯಲ್ಲಿ ಪಡಸಾಲೆ ಫರಸಿ, ಒಳಗಿನ ಎರಡು ಖೋಲಿ ಟೈಲ್ಸ್. ಟೈಲ್ಸ್ ಮೇಲೆ ಗುಂಡ್ಯಾ ಓಡಾಡುವ ದಾರಿಗೆ ನವಲಗುಂದದ ಜಮಖಾನೆ ಹಾಸಿದ್ದೇನೆ. ನವಲಗುಂದದ ಜಮಖಾನೆಗೆ ಆ ಊರಿನದೇ ಸರಕು ಅನ್ನೋ ಜಿಐ ಗುರುತಿದೆ, ಅದನ್ನು ನಾಯಿಗೆ ಹಾಸೋದಾ ಅಂತ ಕೇಳಿದವರಿದ್ದಾರೆ. ಹಳೆಯದ್ರೀ, ಅಂಚು ಹರಿದದ್ದು. ಆದರೆ ಸುಮ್ನೆ ಹಾಸಿದರೆ ಜಮಖಾನೆಯೇ ನಾಯಿ ಸಮೇತ ಜಾರುತ್ತದೆ. ಕೆಳಗೆ ರಬ್ಬರ್ ಜಾಳಿಗೆ ಹಾಕಬೇಕು. ಯೋಗ ಮ್ಯಾಟ್ ಕತ್ತರಿಸಿ ಹಾಸಿದರೂ ನಡೆಯುತ್ತದೆ, ಅಗ್ಗ. ಉಗುರು ನೆಲಕ್ಕೆ ಟಕಟಕ ಅನ್ನುತ್ತಿದ್ದರೆ ಬೆಳೆದಿದೆ ಅಂತ ಅರ್ಥ, ಪಂಜ ಸರಿಯಾಗಿ ನೆಲ ಹಿಡಿಯಲ್ಲ. ಪಂಜದ ಸಂದಿಯ ಕೂದಲನ್ನೂ ಕತ್ತರಿಸಬೇಕು.

ಇನ್ನು ಹಾರೋದು. ಇಲ್ಲಿ ಒಂದು ವಿಚಿತ್ರ ಇದೆ. ಎಲ್ಲರೂ ಹೇಳುವುದು ಒಂದೇ: ಡ್ಯಾಶ್‌ಹಂಡ್ ಅನ್ನು ಸೋಫಾ ಹತ್ತಿಸಬೇಡಿ, ಮೆಟ್ಟಿಲು ಹತ್ತಿಸಬೇಡಿ. ಆದರೆ 2016ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ದೊಡ್ಡ ಸಮೀಕ್ಷೆ, ಎರಡು ಸಾವಿರಕ್ಕೂ ಹೆಚ್ಚು ಡ್ಯಾಶ್‌ಹಂಡ್‌ಗಳದ್ದು, ಬೇರೆಯೇ ಹೇಳಿತು. ಅದರಲ್ಲಿ ನೂರಕ್ಕೆ ಸುಮಾರು 16 ನಾಯಿಗಳಿಗೆ ಬೆನ್ನಿನ ತೊಂದರೆ ಇತ್ತು. ದಿನಕ್ಕೆ ಒಂದು ತಾಸಿಗಿಂತ ಜಾಸ್ತಿ ವ್ಯಾಯಾಮ ಇದ್ದ ನಾಯಿಗಳಲ್ಲಿ ಕಡಿಮೆ, ಅರ್ಧ ತಾಸಿಗಿಂತ ಕಡಿಮೆ ಇದ್ದವುಗಳಲ್ಲಿ ಜಾಸ್ತಿ. ಸೋಫಾ ಹತ್ತಿ ಇಳಿಯಲು ಬಿಟ್ಟ ನಾಯಿಗಳಲ್ಲಿ ಕೂಡ ತೊಂದರೆ ಕಡಿಮೆಯೇ ಕಂಡಿತು!

ಇದನ್ನು ಓದಿ "ನೋಡ್ರಿ, ಹಾರಿದ್ರ ಛಲೋನ" ಅಂತ ತೀರ್ಮಾನಿಸಬೇಡಿ. ಬೆನ್ನು ನೋವಿರುವ ನಾಯಿ ತಾನೇ ಹಾರುವುದಿಲ್ಲ, ಮಾಲೀಕರೂ ಬಿಡುವುದಿಲ್ಲ. ಯಾವುದು ಮೊದಲು, ಯಾವುದು ಆಮೇಲೆ ಅಂತ ಇಂಥ ಸಮೀಕ್ಷೆ ಬಿಡಿಸಿ ಹೇಳಲಾರದು. ಆದರೆ ನಾಯಿಯನ್ನು ಗಾಜಿನ ಸಾಮಾನು ಮಾಡಿ ಮಡಿಲಲ್ಲಿ ಇಟ್ಟುಕೊಂಡರೆ ಬೆನ್ನು ಉಳಿಯುತ್ತದೆ ಎಂಬ ನಂಬಿಕೆಗೆ ಅದು ಸರಿಯಾಗಿ ಪೆಟ್ಟು ಕೊಟ್ಟಿದೆ. ನಾನು ಹಿಡಿದಿರುವ ದಾರಿ ಇದು. ನಡಿಗೆಗೆ ಮಿತಿ ಹಾಕುವುದಿಲ್ಲ, ಎತ್ತರದಿಂದ ಧುಮುಕಲು ಬಿಡುವುದಿಲ್ಲ. ಹತ್ತೋದಕ್ಕಿಂತ ಇಳಿಯೋದು ಜಾಸ್ತಿ ಪೆಟ್ಟಿನದು. ಮಂಚದ ಎತ್ತರ ಒಂದೂವರೆ ಅಡಿ ಇದ್ದರೆ ಐದು ಅಡಿ ಉದ್ದದ ಹಲಗೆ ಹಾಕಿ, ಮೇಲೆ ಗೋಣಿತಾಟು ಮೊಳೆ ಹೊಡೆಸಿದರೆ ಸಾಕು. ಮೂರಡಿಯ ಹಲಗೆ ಹಾಕಿದರೆ ಅದು ಜಾರುಬಂಡಿ ಆಗುತ್ತದೆ, ನಾಯಿ ಪಕ್ಕದಿಂದಲೇ ಹಾರುತ್ತದೆ. ಗುಂಡ್ಯಾಗೆ ಹಲಗೆ ಕಲಿಸಿದ್ದು ಸವತೆಕಾಯಿ ಚೂರು.

ಎಲ್ಲಕ್ಕಿಂತ ನನಗೆ ಸಿಟ್ಟು ಬರುವುದು ಸ್ಕೂಟರ್ ನೋಡಿದಾಗ. ಮುಂದೆ ಕಾಲಿಡುವ ಜಾಗದಲ್ಲಿ ನಾಯಿ ನಿಲ್ಲಿಸಿಕೊಂಡು ಹೋಗುತ್ತಾರೆ. ಸಿಗ್ನಲ್‌ನಲ್ಲಿ ಬ್ರೇಕ್ ಬಿದ್ದರೆ ಅದು ಮುಗ್ಗರಿಸುತ್ತದೆ, ಮನೆ ಬಂದ ಕೂಡಲೇ ಗಾಡಿ ನಿಲ್ಲುವ ಮೊದಲೇ ಜಿಗಿಯುತ್ತದೆ. ಗಿಡ್ಡ ಕಾಲಿನ ನಾಯಿಗೆ ಇದು ಬೇಡವೇ ಬೇಡ.

ನಡಿಗೆ ಅಂದರೆ ನಮ್ಮದು ಕೆಲಗೇರಿ ಕೆರೆ ಕಡೆ ಅಥವಾ ಕರ್ನಾಟಕ ವಿಶ್ವವಿದ್ಯಾಲಯದ ಒಳರಸ್ತೆ. ಮಣ್ಣಿನ ಏರು, ನಿಧಾನದ ಹೆಜ್ಜೆ, ಬೆನ್ನು ಹೊಟ್ಟೆಯ ಸ್ನಾಯುಗಳಿಗೆ ಇದಕ್ಕಿಂತ ಒಳ್ಳೆಯದು ಬೇಕಿಲ್ಲ. ಕೊರಳಪಟ್ಟಿ ಬದಲು ಎದೆಗೆ ಕಟ್ಟುವ ಹಾರ್ನೆಸ್, ಯಾಕೆಂದರೆ ಕುತ್ತಿಗೆಯಲ್ಲೂ ಡಿಸ್ಕ್ ಇದೆ, ಅದೂ ಒಡೆಯುತ್ತದೆ. ಕಷ್ಟ ಬರುವುದು ಮಳೆಗಾಲದಲ್ಲಿ. ಧಾರವಾಡದ ಜಿಟಿಜಿಟಿ ಮಳೆ ಹಿಡಿದರೆ ಬಿಡಲ್ಲ. ಗುಂಡ್ಯಾನ ಹೊಟ್ಟೆ ನೆಲಕ್ಕೆ ನಾಲ್ಕು ಬೆರಳು ಮೇಲೆ, ಹೆಜ್ಜೆ ಇಟ್ಟರೆ ಹೊಟ್ಟೆಯೇ ಕೆಸರು. ಅವನು ಬಾಗಿಲಲ್ಲೇ ಕೂತುಬಿಡುತ್ತಾನೆ. ಆ ತಿಂಗಳುಗಳಲ್ಲಿ ಡಬ್ಬಿಯ ಅಳತೆ ಇಳಿಸಬೇಕು. ಅತ್ತೆಗೆ ಅದು ಗೊತ್ತಾಗದ ಹಾಗೆ ಇಳಿಸಬೇಕು.

ಎತ್ತಿಕೊಳ್ಳುವ ರೀತಿ ಬಂದವರಿಗೆಲ್ಲ ಹೇಳಿಕೊಡುತ್ತೇನೆ. ಒಂದು ಕೈ ಎದೆಯ ಕೆಳಗೆ, ಇನ್ನೊಂದು ಹಿಂಭಾಗದ ಕೆಳಗೆ, ಬೆನ್ನು ನೆಲಕ್ಕೆ ಸಮವಾಗಿ. ಮಕ್ಕಳು ಮುಂಗಾಲಿನ ಬಗಲಿಗೆ ಕೈ ಹಾಕಿ ಎತ್ತುತ್ತಾರಲ್ಲ, ಆಗ ಇಡೀ ಮೈಯ ಭಾರ ಸೊಂಟದಲ್ಲಿ ಜೋತಾಡುತ್ತದೆ.

ಇಷ್ಟೆಲ್ಲ ಮಾಡಿಯೂ ತೊಂದರೆ ಬರಬಹುದು. ಬಂದಾಗ ಮಾಡಬಾರದ್ದು ಎರಡು. ತಿಕ್ಕುವುದು ಒಂದು. ನಮ್ಮ ಮನೆಯ ನೋವಿನ ಗುಳಿಗೆ ಕೊಡುವುದು ಇನ್ನೊಂದು. ಐಬುಪ್ರೊಫೇನ್, ಡೈಕ್ಲೊಫೆನಾಕ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಕಿಡ್ನಿ ಕೆಡಿಸುತ್ತವೆ. ಅದರ ಮೇಲೆ ಡಾಕ್ಟರು ಸ್ಟೀರಾಯ್ಡ್ ಚುಚ್ಚಿದರೆ ಇನ್ನೂ ಅಪಾಯ, ಹಾಗಾಗಿ ಏನಾದರೂ ಕೊಟ್ಟಿದ್ದರೆ ಮುಚ್ಚಿಡದೆ ಹೇಳಬೇಕು. ನೋವಿದ್ದರೂ ಇನ್ನೂ ನಡೆಯುತ್ತಿರುವ ನಾಯಿಗೆ ಹೆಚ್ಚಾಗಿ ಡಾಕ್ಟರು ಹೇಳುವುದು ಕಟ್ಟುನಿಟ್ಟಿನ ವಿಶ್ರಾಂತಿ, ಕಡಿಮೆಯೆಂದರೆ ನಾಲ್ಕು ವಾರ. ರಾಣಿಗೆ ನಾದಿನಿ ಮರದ ಹಲಗೆಯಿಂದ ಚಿಕ್ಕ ಕಟಾಂಜನ ಕಟ್ಟಿಸಿದಳು. ಎದ್ದು ತಿರುಗಿ ಮಲಗುವಷ್ಟು ಜಾಗ, ಅಷ್ಟೇ. ಒಂದಕ್ಕೆ, ಎರಡಕ್ಕೆ ಮಾತ್ರ ಹೊರಗೆ, ಅದೂ ಹೊಟ್ಟೆಯ ಕೆಳಗೆ ಟವೆಲ್ ಹಾಕಿ ಹಿಡಿದುಕೊಂಡು. ಒಂದು ವಾರಕ್ಕೆ ನೋವು ಇಳಿಯಿತು. ಕಷ್ಟ ಶುರುವಾದದ್ದು ಆಮೇಲೆ. ನೋವಿಲ್ಲದ ನಾಯಿ ಹೊರಗೆ ಬಿಡು ಅಂತ ರಾತ್ರಿಯೆಲ್ಲ ಕೂಗುತ್ತದೆ, ಮನೆಯವರೆಲ್ಲ "ಆರಾಮ ಆಗೇದಲ್ಲ, ಬಿಡ ಇನ್ನ" ಅನ್ನುತ್ತಾರೆ. ಆಗ ಬಿಟ್ಟರೆ ಅರ್ಧ ಮಾಗಿದ ಡಿಸ್ಕ್ ಮತ್ತೆ ಒಡೆಯುತ್ತದೆ. ನಾದಿನಿ ಬಿಡಲಿಲ್ಲ. ರಾಣಿ ಈಗ ನಡೆಯುತ್ತದೆ, ತಿರುಗುವಾಗ ಹಿಂಭಾಗ ಸ್ವಲ್ಪ ವಾಲುತ್ತದೆ. ಕಾಲು ಪೂರ್ತಿ ಬಿದ್ದರೆ, ಉಚ್ಚೆ ನಿಂತರೆ ಮಾತ್ರ ಕಾಯುವ ಮಾತೇ ಇಲ್ಲ, ಅದೇ ದಿನ ಡಾಕ್ಟರು.

ಮೊನ್ನೆ ನಮ್ಮ ಓಣಿಯ ಒಬ್ಬ ಹುಡುಗ ಡ್ಯಾಶ್‌ಹಂಡ್ ಮರಿ ತರ್ತೀನಿ ಅಂತ ಬಂದಿದ್ದ. "ಕಾಕೂ, ಏನ್ ನೋಡಿ ತರಬೇಕ್ರೀ?" ಅಂದ. ಮೂಗು, ಬಾಲ, ಬಣ್ಣ ನೋಡೋದು ಬಿಟ್ಟು ಅಪ್ಪ ಅಮ್ಮನ ಬೆನ್ನು ಕೇಳು ಅಂದೆ. ಡೆನ್ಮಾರ್ಕ್, ಫಿನ್ಲೆಂಡ್ ಕಡೆ ಎರಡರಿಂದ ನಾಲ್ಕು ವರ್ಷದೊಳಗೆ ಬೆನ್ನಿನ ಎಕ್ಸ್‌ರೇ ತೆಗೆದು, ಸುಣ್ಣಗಟ್ಟಿದ ಡಿಸ್ಕ್ ಎಷ್ಟು ಅಂತ ಎಣಿಸಿ, ಕಡಿಮೆ ಇರುವವನ್ನು ಮರಿ ಹಾಕಿಸಲು ಆರಿಸುತ್ತಾರೆ. ಅಂಥ ಚೀಟಿ ಇಲ್ಲಿ ಯಾರೂ ಕೊಡಲ್ಲ. ಆದರೆ ತಾಯಿಯನ್ನು ಕಣ್ಣಾರೆ ನೋಡಬಹುದು, ಅದರ ವಯಸ್ಸು ಕೇಳಬಹುದು, ಅದರ ಹಿಂದಿನ ಸೂಲಿನ ಮರಿಗಳು ಈಗ ಹೇಗಿವೆ ಅಂತ ವಿಚಾರಿಸಬಹುದು. ಎರಡು ವರ್ಷವೂ ತುಂಬದ ತಾಯಿಯ ಮರಿ ಬೇಡ, ಅದರ ಬೆನ್ನು ಹೇಗೆ ಅಂತ ಅದಕ್ಕೇ ಇನ್ನೂ ಗೊತ್ತಿರಲ್ಲ. ಹೆಣ್ಣು ತಂದರೆ ಸಂತಾನಹರಣದ ಆಪರೇಷನ್‌ಗೆ ಅವಸರ ಮಾಡಬೇಡ ಅಂತಲೂ ಹೇಳಿದೆ. ವರ್ಷ ತುಂಬುವ ಮೊದಲೇ ಸಂತಾನಹರಣ ಮಾಡಿಸಿದ ಡ್ಯಾಶ್‌ಹಂಡ್‌ಗಳಲ್ಲಿ ಡಿಸ್ಕ್ ತೊಂದರೆ ಜಾಸ್ತಿ ಅಂತ 2018ರ ಒಂದು ಅಧ್ಯಯನದಲ್ಲಿ ಕಂಡಿದೆ. ಯಾವಾಗ ಮಾಡಿಸಬೇಕು ಅಂತ ಡಾಕ್ಟರ ಜೊತೆ ಕೂತು ಮಾತಾಡು ಅಂದೆ.

ಎಲ್ಲ ಕೇಳಿಸಿಕೊಂಡು ಅವನು ಕೇಳಿದ್ದು ಒಂದೇ. "ಆ ಹಲಗಿ ಎಲ್ಲಿ ಮಾಡಿಸಿದ್ರೀ?" ನಮ್ಮ ಬಡಿಗೇರರ ನಂಬರ್ ಕೊಟ್ಟೆ. ಐದು ಅಡಿಗಿಂತ ಕಡಿಮೆ ಮಾಡಿಸಬೇಡ ಅಂತ ಮತ್ತೊಮ್ಮೆ ಹೇಳಿ ಕಳಿಸಿದೆ.